ಗಜ್ಜರಿ ಖಡಕ್ ರೊಟ್ಟಿ: ಕೊನೆಗೂ ನಡುಭಾಗ ಮುರಿಯಿತು

ಗಜ್ಜರಿ (ಕ್ಯಾರೆಟ್) ಬೆರೆಸಿ ತಟ್ಟಿದ ರೊಟ್ಟಿ ಬಿಲ್ಲೆಯ ನಡುಭಾಗವೂ ಈಗ ಟಕ್ಕೆಂದು ಮುರಿಯುತ್ತದೆ. ಜೋಳದ ಖಡಕ್ ರೊಟ್ಟಿಗೆ ಹಸಿ ತರಕಾರಿ ಬೆರೆಸಲು ಹೋದವರಿಗೆ ಈ ವಾಕ್ಯದ ಬೆಲೆ ಗೊತ್ತಿರುತ್ತದೆ. ಹಿಟ್ಟು ನಾದುವುದು, ತಟ್ಟುವುದು, ಹಂಚಿನ ಮೇಲೆ ನೀರು ಸವರುವುದು ನಿಮಗೆಲ್ಲ ತಿಳಿದ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ಪುಣೆಯ ಮಳೆಗಾಲವಿಡೀ ನನ್ನನ್ನು ಸತಾಯಿಸಿದ ಆ ನಡುಭಾಗದ ವಿಷಯವನ್ನಷ್ಟೇ ಬರೆಯುತ್ತೇನೆ.

ನಮ್ಮ ಮೂರೂವರೆ ವರ್ಷದ ಮಗಳು ಕುರುಕುರು ಎನ್ನುವುದನ್ನು ಮಾತ್ರ ತಿನ್ನುತ್ತಾಳೆ. ಹಪ್ಪಳ, ಚುರುಮುರಿ, ಆಲೂಗಡ್ಡೆ ಚಿಪ್ಸ್ ಆಗಬಹುದು. ಪಲ್ಯ ಕಂಡರೆ ತಟ್ಟೆಯನ್ನೇ ದೂಡುತ್ತಾಳೆ. ಸುಮಾರು 2ರಿಂದ 6 ವರ್ಷದವರೆಗೆ ಹೊಸ ತಿನಿಸಿನ ಬಗ್ಗೆ ಅಂಜಿಕೆ ಹೆಚ್ಚಿರುವುದು ಸಹಜ. ಒಂದೇ ತರಕಾರಿ 8ರಿಂದ 15 ಸಲ ಒತ್ತಾಯವಿಲ್ಲದೆ ಕಣ್ಣಿಗೆ, ಕೈಗೆ, ಬಾಯಿಗೆ ಸಿಕ್ಕ ಮೇಲೆಯೇ ಅನೇಕ ಮಕ್ಕಳು ಅದನ್ನು ಒಪ್ಪುತ್ತಾರೆ. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಕೆಲಸ, ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಕೆಲಸ ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿದ ಹಂಚಿಕೆಯನ್ನೇ ನಮ್ಮ ಮನೆಯಲ್ಲೂ ಪಾಲಿಸುತ್ತಿದ್ದೇವೆ. (ಮಗುವಿನ ತೂಕ ಏರದಿದ್ದರೆ, ತಿನ್ನುವ ಪದಾರ್ಥಗಳು ದಿನೇ ದಿನೇ ಕಡಿಮೆಯಾಗುತ್ತಿದ್ದರೆ ರೊಟ್ಟಿ ತಟ್ಟುತ್ತ ಕೂರದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ.)

ಹಪ್ಪಳ ಪ್ರತಿ ತುತ್ತಿಗೂ ಒಂದೇ ರೀತಿ ಇರುತ್ತದೆ. ಪಲ್ಯದಲ್ಲಿ ಒಂದು ಹೋಳು ಮೆತ್ತಗಿದ್ದರೆ ಇನ್ನೊಂದು ನಾರುನಾರಾಗಿರುತ್ತದೆ. ಮಗಳಿಗೆ ಬೇಡವಾದದ್ದು ಈ ಅನಿಶ್ಚಿತತೆಯೇ ಎಂಬುದು ನನ್ನ ಊಹೆ. ಆದ್ದರಿಂದ ಚಿಪ್ಸ್‌ನಿಂದ ಹಪ್ಪಳಕ್ಕೆ, ಹಪ್ಪಳದಿಂದ ಸಾದಾ ಖಡಕ್ ರೊಟ್ಟಿಗೆ, ಅಲ್ಲಿಂದ ಗಜ್ಜರಿ ಕಾಣುವ ರೊಟ್ಟಿಗೆ ಒಂದೊಂದೇ ಕೊಂಡಿಯಾಗಿ ಸಾಗುವ ಯೋಜನೆ ಹಾಕಿದೆ. ಸಾದಾ ರೊಟ್ಟಿಯವರೆಗೆ ತಕರಾರಿರಲಿಲ್ಲ. ಗಜ್ಜರಿ ಬಂದೊಡನೆ ಅಂಚು ಕಪ್ಪಾಗತೊಡಗಿತು, ನಡು ಚರ್ಮದಂತೆ ಎಳೆದುಕೊಳ್ಳತೊಡಗಿತು. ಮಗಳು ಬಿಲ್ಲೆಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಸದ್ದು ಬಾರದಿದ್ದರೆ ಎರಡೂ ತುಂಡುಗಳನ್ನು ಜೋಡಿಸಿ, ಏನೂ ಆಗಿಲ್ಲವೆಂಬಂತೆ ಡಬ್ಬಿಯೊಳಗೇ ಇಡುತ್ತಾಳೆ. ಇಷ್ಟು ಕಟ್ಟುನಿಟ್ಟಾದ ತಪಾಸಣೆಯನ್ನು ನಾನು ಕೆಲಸ ಮಾಡುವ ಕಾರ್ಖಾನೆಯಲ್ಲೂ ಕಂಡಿಲ್ಲ.

ಗಜ್ಜರಿಯ ತೂಕದಲ್ಲಿ ನೂರಕ್ಕೆ ಹತ್ತಿರಹತ್ತಿರ 88 ಪಾಲು ನೀರೇ ಇದೆ, ಮೇಲೆ ಸಕ್ಕರೆಯೂ ಇದೆ. ಉರಿ ಜೋರಾದರೆ ಸಕ್ಕರೆ ಬೇಗ ಕಂದುತ್ತದೆ. ಜೊತೆಗೆ ಮೇಲ್ಪದರ ಮೊದಲೇ ಒಣಗಿ ಗಟ್ಟಿಯಾಗಿ, ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಉಳಿಯುವುದಿಲ್ಲ. ಒಣಗಿಸಿ ಪುಡಿ ಮಾಡಿ ಬೆರೆಸಿದರೆ ರೊಟ್ಟಿಯೇನೋ ಖಡಕ್ಕಾಗುತ್ತದೆ, ಆದರೆ ಗಜ್ಜರಿ ಕಣ್ಣಿಗೆ ಬೀಳದಿದ್ದರೆ ಮಗುವಿಗೆ ಅದರ ಪರಿಚಯ ಆಗುವುದಾದರೂ ಹೇಗೆ? ಬಚ್ಚಿಟ್ಟು ತಿನ್ನಿಸುವ ಪಂಥದವರೊಂದಿಗೆ ನನ್ನ ಜಗಳ ಇಲ್ಲಿಯೇ.

ಇದರ ನಡುವೆ ಹಿಟ್ಟೂ ಕೈಕೊಟ್ಟಿತು. ನಮ್ಮ ಪ್ರದೇಶದ ಅಂಗಡಿಯವರು ‘ತಾಜಾ ಮಾಲದಂಡಿ’ (ಮಾಲದಂಡಿ ಜೋಳದ ಒಂದು ತಳಿ) ಎಂದು ಕೊಟ್ಟ ಹಿಟ್ಟು ತಟ್ಟುವಾಗಲೇ ಸುತ್ತಲೂ ಸೀಳುತ್ತಿತ್ತು. ವಿಜಯಪುರದಿಂದ ಬಂದಿದ್ದ ನಮ್ಮವ್ವ ಒಂದು ಚಿಟಿಕೆ ಬೆರಳಲ್ಲಿ ತಿಕ್ಕಿ ನೋಡಿ, “ಹಳೇ ಹಿಟ್ಟಿಗೆ ಜಿಗಿ ಎಲ್ಲಿಂದ ಬರ್ತೈತಿ?” ಎಂದು ಕೈ ಝಾಡಿಸಿದಳು. ಜೋಳದಲ್ಲಿ ಗೋಧಿಯಂತೆ ಹಿಡಿದಿಡುವ ಅಂಟು ಇಲ್ಲ. ಕುದಿಯುವ ಎಸರಿಗೆ ಪಿಷ್ಟ ಬೆಂದು ಬರುವ ಜಿಗಿಯೇ ಅದಕ್ಕೆ ಆಧಾರ. ಈಗ ಸೊಲ್ಲಾಪುರದ ಕಡೆಯ ಹಿಂಗಾರಿ ಜೋಳ ತಂದು, ಬೇಕಾದಾಗಲಷ್ಟೇ ಗಿರಣಿಗೆ ಕೊಂಡೊಯ್ಯುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ ‘ಗಾಳಿಯಾಡದ’ ಡಬ್ಬಿಯ ಮುಚ್ಚಳದಲ್ಲಿ ಗಾಳಿ ಮಾತ್ರವಲ್ಲ, ಇರುವೆಯೂ ಓಡಾಡುತ್ತಿತ್ತು. ಅದೀಗ ಮೊಳೆಗಳ ಡಬ್ಬಿಯಾಗಿದೆ.

ಮೊಳೆ ಎಂದೊಡನೆ ನೆನಪಾಯಿತು: ಮುಂದಿನ ಕೆಲಸ, ಮಗಳು ಅಡುಗೆಕಟ್ಟೆಯ ಮುಂದೆ ನಿಂತು ತಾನೇ ಬಿಲ್ಲೆ ತಟ್ಟಲು ಮೂರು ಕಡೆ ಕಟಾಂಜನವಿರುವ ಮೆಟ್ಟಿಲು. ಕಟ್ಟೆ ಸುಮಾರು 85 ಸೆಂಟಿಮೀಟರ್ ಎತ್ತರವಿದ್ದು, ನಿಲ್ಲುವ ಹಲಗೆ 40ರ ಆಸುಪಾಸಿನಲ್ಲಿ ಬರಬೇಕು. ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ತುಂಡು ಪ್ಲೈವುಡ್ ನೋಡಿಟ್ಟು ಬಂದಿದ್ದೇನೆ. ತಮ್ಮ ಕೈಯಿಂದ ಮಾಡಿದ್ದನ್ನು ಮಕ್ಕಳು ಮೂಸಿಯಾದರೂ ನೋಡುತ್ತಾರೆ.

ಪರಿಹಾರಕ್ಕೆ ಬರೋಣ. ತುರಿಗೆ ಚಿಟಿಕೆ ಉಪ್ಪು ಹಚ್ಚಿ, ಹಿಂಡಿ, ಆ ರಸವನ್ನೇ ಕುದಿಸಿ ಎಸರು ಮಾಡಿದೆ; ಸಕ್ಕರೆ ಒಂದೆಡೆ ಗುಂಪುಗೂಡದೆ ಹಿಟ್ಟಿನ ತುಂಬ ಹರಡಿತು. ಹಿಂಡಿದ ತುರಿಯನ್ನು ಹಂಚಿನ ಮೇಲೆ ಪಸೆ ಆರುವವರೆಗೆ ಹುರಿದು ಸೇರಿಸಿದೆ. ಬಿಲ್ಲೆಗಳನ್ನು ಪೂರ್ತಿ ಬೇಯಿಸಿದರೂ ಖಡಕ್ ಮಾಡಲು ಅವಸರಿಸದೆ, ಬಟ್ಟೆಯಲ್ಲಿ ಸುತ್ತಿ ಒಂದೆರಡು ಗಂಟೆ ಬಿಟ್ಟೆ. ನಡುವಿನ ತೇವ ಅಂಚಿಗೆ ಸರಿದು, ಮೇಲ್ಪದರ ಮತ್ತೆ ಮೆದುವಾಯಿತು. ಬಳಿಕ ಓವನ್ನಿನಲ್ಲಿ 100 ಡಿಗ್ರಿಯಲ್ಲಿ, ಮಡಚಿಕೊಳ್ಳದಂತೆ ಮೇಲೊಂದು ಜಾಲರಿ ಹೇರಿ, ನಿಧಾನವಾಗಿ ಒಣಗಿಸಿದೆ. ಬಣ್ಣ ಕೆಡಲಿಲ್ಲ, ಕೇಸರಿ ಎಳೆಗಳು ಎದ್ದು ಕಂಡವು, ನಡು ಸದ್ದು ಮಾಡಿತು. ಎರಡು ಮಿಲಿಮೀಟರ್‌ಗಿಂತ ದಪ್ಪ ಬೇಡ. ಗಂಟಲಿಗೆ ಸಿಕ್ಕೀತು, ಆದ್ದರಿಂದ ಮಗು ಕುಳಿತೇ ತಿನ್ನಲಿ, ಪಕ್ಕದಲ್ಲಿ ದೊಡ್ಡವರಿರಲಿ. ಗಜ್ಜರಿಯ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕಾದ್ದರಿಂದ ತುಪ್ಪದಲ್ಲಿ ಕಲಸಿದ ನುಣ್ಣನೆಯ ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಬದಿಗಿಡುತ್ತೇನೆ.

ಮಗಳು ಮುರಿದಳು, ಕೇಳಿದಳು, ಒಂದು ಅಂಚು ಕಡಿದಳು, ಉಳಿದದ್ದನ್ನು ಅಜ್ಜಿಗೆ ಕೊಟ್ಟಳು. ನನಗೆ ಸದ್ಯಕ್ಕೆ ಅಷ್ಟೇ ಸಾಕು. ಒಣಗಿಸುವ ಹೊತ್ತು ಈಗ ನನ್ನ ಹಿಡಿತಕ್ಕೆ ಬಂದಿರುವುದರಿಂದ, ಅವಳು ಇದಕ್ಕೆ ಒಗ್ಗಿದ ಮೇಲೆ ಪ್ರತಿ ಬಾರಿ ತುಸು ಮೊದಲೇ ಓವನ್ ಆರಿಸಿ ಮೆತ್ತನೆಯ ರೊಟ್ಟಿಯ ಕಡೆಗೆ ಸಾಗುವುದು, ಅಲ್ಲಿಂದ ಪಲ್ಯಕ್ಕೆ ಹೋಗುವುದು ನನ್ನ ಲೆಕ್ಕಾಚಾರ. ಮೆಂತ್ಯ ಸೊಪ್ಪಿನ ಕಂತೆಯೊಂದು ಈಗಾಗಲೇ ಫ್ರಿಜ್‌ನಲ್ಲಿದೆ; ಅದರಲ್ಲಿ ಕಂದುವ ಕಾಟ ಕಡಿಮೆ, ಕಹಿಯ ಕಾಟವೇ ಬೇರೆ.