ಮಂಡಿ ಮಾಗುವ ಮೊದಲೇ ಸಹಿ

ಕಳೆದ ಭಾನುವಾರ ಕಾರವಾರದಲ್ಲಿ ಸೇರಿದ್ದ ನಮ್ಮ ಹಾಕಿ ತಂಡದ ಆಯ್ಕೆ ಸಮಿತಿ 17 ಹೆಸರುಗಳನ್ನು ಒಂದು ಗಂಟೆಯೊಳಗೆ ಮುಗಿಸಿತು. 18ನೆಯ ಹೆಸರಿನ ಮುಂದೆ ಎರಡು ಗಂಟೆ ಕೂತು, ತೀರ್ಮಾನಕ್ಕೆ ಬರಲಾಗದೆ ಎದ್ದಿತು. ಹನ್ನೆರಡು ವರ್ಷಗಳಿಂದ ನಮ್ಮ ಮುಂಪಡೆಯ ಎಡಭಾಗವನ್ನು ನೋಡಿಕೊಂಡು ಬಂದಿರುವ, ಈಗ 34 ವರ್ಷದ, ಎಡಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಟದಿಂದ ದೂರವಿರುವ ಬೈತಖೋಲದ ಆಟಗಾರನ ಹೆಸರು ಅದು. ಅವರೊಡನೆ ಈ ಋತುವಿಗೂ ಒಪ್ಪಂದ ಮಾಡಿಕೊಳ್ಳಬೇಕೇ, ಕೈಬಿಡಬೇಕೇ ಎಂಬುದಷ್ಟೇ ಪ್ರಶ್ನೆ. ಸಭೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ನನ್ನ ಅಭಿಪ್ರಾಯ ನನಗೇ ಸ್ಪಷ್ಟವಾಗುತ್ತ ಬಂದಿತಾದ್ದರಿಂದ ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರುವರಿಯಲ್ಲಿ ಘಟ್ಟದ ಮೇಲಿನ ಒಂದು ಪಂದ್ಯಾವಳಿಯಲ್ಲಿ, ಕೃತಕ ಹಾಸಿನ ಮೈದಾನದಲ್ಲಿ, ಮೂರನೆಯ ಕ್ವಾರ್ಟರ್ ಆಡುವಾಗ ಈ ಪೆಟ್ಟು ಬಿತ್ತು. ಎಡಗೆರೆಯ ಗುಂಟ ಚೆಂಡು ತೆಗೆದುಕೊಂಡು ಓಡಿದ ಅವರು ಗೋಲಿನ ಮುಂದಿನ ವೃತ್ತದ ಕಡೆಗೆ ತಿರುಗಲೆಂದು ಥಟ್ಟನೆ ನಿಂತರು. ಎಡಪಾದ ಹಾಸಿನ ಮೇಲೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಎದುರಾಳಿಗಳಾರೂ ಅವರನ್ನು ಮುಟ್ಟಿರಲಿಲ್ಲ. ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಮಂಡಿಯೊಳಗೆ ಅಡ್ಡಲಾಗಿ ಬಿಗಿದಿರುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಬಹಳ ಸಲ ಹೀಗೆಯೇ. ನಮ್ಮೂರಿನ ಜಂಬಿಟ್ಟಿಗೆ ಮಣ್ಣಿನ ಮೈದಾನದಲ್ಲಾಗಿದ್ದರೆ ಕಾಲು ಜಾರಿ ಅವರು ಬೀಳುತ್ತಿದ್ದರು, ಮೊಣಕೈ ತರಚುತ್ತಿತ್ತು, ಮುಂದಿನ ವಾರ ಮತ್ತೆ ಆಡುತ್ತಿದ್ದರೇನೋ. ಕೃತಕ ಹಾಸು ಪಾದವನ್ನು ಅಷ್ಟು ಸುಲಭವಾಗಿ ಜಾರಗೊಡುವುದಿಲ್ಲ. ವರ್ಷವಿಡೀ ಮಣ್ಣಿನಲ್ಲಿ ಅಭ್ಯಾಸ ಮಾಡಿ, ಪಂದ್ಯಾವಳಿಗೆ ಮಾತ್ರ ಅಂಥ ಮೈದಾನಕ್ಕಿಳಿಯುವ ನಮ್ಮಂಥ ತಂಡದವರ ಕಾಲುಗಳಿಗೆ ಆ ಹಿಡಿತದ ಅಭ್ಯಾಸವೂ ಇರುವುದಿಲ್ಲ.

ಈ ಜಿಲ್ಲೆಯ ಜನರಿಗೆ ದೊಡ್ಡ ಚಿಕಿತ್ಸೆಯೆಂದರೆ ಗೋವಾ, ಇಲ್ಲವೆ ಮಣಿಪಾಲ, ಇಲ್ಲವೆ ಹುಬ್ಬಳ್ಳಿ. ಅವರೂ ಹಣ ಹೊಂದಿಸಿಕೊಂಡು, ರಜೆ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಏಪ್ರಿಲ್ ಮೊದಲ ವಾರವಾಯಿತು. ತೊಡೆಯ ಹಿಂಭಾಗದಿಂದ ತೆಗೆದ ಸ್ನಾಯುರಜ್ಜುವನ್ನು ಹರಿದ ರಜ್ಜುವಿನ ಜಾಗದಲ್ಲಿ ಕೂರಿಸಿದ್ದಾರೆ. ಹೀಗೆ ಕೂರಿಸಿದ ರಜ್ಜು ಮೊದಲ ಕೆಲವು ವಾರಗಳಲ್ಲಿ ದುರ್ಬಲವಾಗುತ್ತ ಹೋಗಿ, ಬಳಿಕ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತೊಂದರೆಯೇನೆಂದರೆ, ರಜ್ಜು ಗಟ್ಟಿಯಾಗುವ ಬಹಳ ಮೊದಲೇ ನೋವು ಹೋಗಿಬಿಡುತ್ತದೆ. ಐದಾರು ತಿಂಗಳಿಗೆ ಮನುಷ್ಯ ಮೆಟ್ಟಿಲು ಹತ್ತುತ್ತಾನೆ, ಓಡುತ್ತಾನೆ, ತನಗೆ ಎಲ್ಲವೂ ಸರಿಯಾಯಿತೆಂದು ನಂಬುತ್ತಾನೆ. 2016ರಲ್ಲಿ ಪ್ರಕಟವಾದ ಡೆಲವೇರ್–ಓಸ್ಲೊ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯಾದ 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ತಗ್ಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಆಟಗಾರನಿಗೆ ಜನವರಿ ಮೊದಲ ವಾರಕ್ಕಿಂತ ಮುಂಚೆ ಪಂದ್ಯವಿಲ್ಲ. ನಮ್ಮ ಋತು ಶುರುವಾಗುವುದು ದೀಪಾವಳಿ ಕಳೆದ ಕೂಡಲೇ.

ಆದ್ದರಿಂದ ಸಭೆಯಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: “ಈಗ ಬಿಡೋಣ, ಜನವರಿಗೆ ಬಂದು ಆಡಿ ತೋರಿಸಲಿ, ಆಮೇಲೆ ನೋಡೋಣ.” ಕೇಳಲು ಇದು ಬಹಳ ನ್ಯಾಯವಾಗಿ ಕಾಣುತ್ತದೆ. ನನಗೆ ಇದರಷ್ಟು ಅಪಾಯಕಾರಿಯಾದ ದಾರಿ ಬೇರೆ ಕಾಣುತ್ತಿಲ್ಲ.

ಹೀಗನ್ನಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಆಗ ಇದ್ದ ತಂಡದಲ್ಲಿ ಇನ್ನೊಬ್ಬ ಫಾರ್ವರ್ಡ್ ಆಟಗಾರನಿಗೆ ಇದೇ ಗಾಯವಾಗಿತ್ತು, ಅವನಿಗೂ ಇದೇ ಮಾತನ್ನು ಹೇಳಲಾಗಿತ್ತು. ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂಬುದನ್ನು ಅವನು ಬೇರೆಯವರ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡ. ತಾನು ಇನ್ನೂ ಆಡಬಲ್ಲೆನೆಂದು ತೋರಿಸಬೇಕೆಂಬ ಹಟದಲ್ಲಿ ಏಳನೆಯ ತಿಂಗಳಿಗೇ ಜಾತ್ರೆಯ ಸಮಯದ ಒಂದು ಪ್ರದರ್ಶನ ಪಂದ್ಯಕ್ಕೆ ಇಳಿದ. ಮೊದಲಾರ್ಧ ಚೆನ್ನಾಗಿಯೇ ಆಡಿದ. ಎರಡನೆಯ ಅರ್ಧದಲ್ಲಿ ಅದೇ ಮಂಡಿ ಮತ್ತೆ ಹೋಯಿತು, ಆಮೇಲೆ ಅವನು ಸ್ಟಿಕ್ ಹಿಡಿಯಲಿಲ್ಲ. ಅವನ ಹೆಸರನ್ನು ಬಿಡಬೇಕೆಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ. ಅವನ ಮಂಡಿಯನ್ನು ನಾವು ಹರಿಯಲಿಲ್ಲ, ನಿಜ. ಅವನನ್ನು ಅವಸರಕ್ಕೆ ದೂಡಿದ್ದು ಮಾತ್ರ ನಮ್ಮ ಮಾತು ಎಂಬುದು ಈಗಲೂ ನನ್ನನ್ನು ಬಿಟ್ಟಿಲ್ಲ.

ಹೊರಗುಳಿದ ಆಟಗಾರ ತಾನು ಗುಣವಾಗಿದ್ದೇನೆಂದು ರುಜುವಾತು ಮಾಡಬೇಕಾಗುತ್ತದೆ, ಮತ್ತು ರುಜುವಾತು ಮಾಡುವ ಅವಸರವೇ ಮಂಡಿಗೆ ಶತ್ರು. ಒಪ್ಪಂದ ಕೈಯಲ್ಲಿರುವವನಿಗೆ ಆ ಅವಸರವಿಲ್ಲ. ಫಿಸಿಯೊಥೆರಪಿಯ ಖರ್ಚಿನಲ್ಲಿ ಒಂದು ಪಾಲನ್ನು ತಂಡ ಹೊರುತ್ತದೆ, ವ್ಯಾಯಾಮ ಎಲ್ಲರ ಕಣ್ಣೆದುರು ನಡೆಯುತ್ತದೆ, ಬೇಡವೆಂದು ಹೇಳುವ ಅಧಿಕಾರ ತರಬೇತುದಾರರಿಗೆ ಇರುತ್ತದೆ. ಕಳೆದ ತಿಂಗಳು ಟ್ಯಾಗೋರ್ ಕಡಲತೀರದಲ್ಲಿ ಅವರು ಒಬ್ಬರೇ ಒಣಮರಳಿನ ಮೇಲೆ ಓಡುತ್ತಿದ್ದುದನ್ನು ನಾನು ಕಂಡೆ. ಏರುತಗ್ಗಿನ ಮೆತ್ತನೆ ಮರಳಿನಲ್ಲಿ ಮಂಡಿ ಹೇಗೆ ಹೊರಳುತ್ತದೆಂಬುದನ್ನು ನೋಡಿ ಹೇಳಲು ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ. ಸಹಿಯನ್ನು ಈಗಲೇ ಹಾಕಿಸಬೇಕೆಂದು ನಾನು ಹೇಳುತ್ತಿರುವುದು ಈ ಕಾರಣಕ್ಕಾಗಿ. ಹಳೆಯ ಗೋಲುಗಳ ಋಣ ತೀರಿಸುವುದು ನನ್ನ ಉದ್ದೇಶವಾಗಿದ್ದರೆ ಒಂದು ಶಾಲು, ಒಂದು ಹಾರ ಸಾಕಾಗುತ್ತಿತ್ತು.

ಮರಳಿ ಬಂದರೆ ಅವರಿಂದ ತಂಡಕ್ಕೆ ಏನು ಸಿಗುತ್ತದೆ ಎಂಬುದನ್ನೂ ಬಿಚ್ಚಿ ನೋಡಬೇಕು. ಅವರ ಓಟ ಮೊದಲಿನಂತೆ ಇರುವುದಿಲ್ಲ, ಇದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೇನೆ. ಹಾಕಿಯಲ್ಲಿ ಚೆಂಡಿಗೆ ಹೊಡೆಯುವಾಗಲೂ, ಬಾಗಿ ಸ್ಟಿಕ್ ಚಾಚಿ ಚೆಂಡು ಕಸಿಯುವಾಗಲೂ ಮುಂದಿಡುವುದು ಹೆಚ್ಚಾಗಿ ಎಡಗಾಲನ್ನೇ, ಗಾಯವಾಗಿರುವುದೂ ಆ ಕಾಲಿಗೇ. ಆದರೆ ಈ ಆಟದಲ್ಲಿ ಆಟಗಾರರನ್ನು ಎಷ್ಟು ಸಲ ಬದಲಾಯಿಸಬಹುದೆಂಬುದಕ್ಕೆ ಮಿತಿಯಿಲ್ಲ. ಹೊರಗೆ ಹೋದವರು ಎಷ್ಟು ಸಲ ಬೇಕಾದರೂ ಮರಳಬಹುದು. 15 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಫಾರ್ವರ್ಡ್ ಆಟಗಾರರು ಕೆಲವೇ ನಿಮಿಷ ಪೂರ್ತಿ ವೇಗದಲ್ಲಿ ಆಡಿ, ಬೆಂಚಿಗೆ ಹೋಗಿ ಉಸಿರು ತೆಗೆದುಕೊಂಡು ಮತ್ತೆ ಬರುವುದು ಇಂದಿನ ರೂಢಿ. ಒಂದು ಪಂದ್ಯದಲ್ಲಿ ಒಟ್ಟು 20 ನಿಮಿಷ, ನಾಲ್ಕೈದು ತುಂಡುಗಳಲ್ಲಿ, ಒಬ್ಬ ಅನುಭವಿಯನ್ನು ಬಳಸುವುದಕ್ಕೆ ಫುಟ್‌ಬಾಲಿಗಿಂತ ಹಾಕಿ ಎಷ್ಟೋ ಅನುಕೂಲವಾದ ಆಟ.

ನಮ್ಮ ಮುಂಪಡೆಯ ಹುಡುಗರಿಗೆ ವೇಗವಿದೆ. ಎಲ್ಲರೂ ಒಮ್ಮೆಲೇ ವೃತ್ತಕ್ಕೆ ನುಗ್ಗುತ್ತಾರೆ, ಒಬ್ಬರ ಹಿಂದೆ ಒಬ್ಬರು ನಿಂತು ದಾರಿಯನ್ನು ಮುಚ್ಚುತ್ತಾರೆ. ಗೆರೆಯ ಹತ್ತಿರವೇ ಉಳಿದು ಒಬ್ಬ ಡಿಫೆಂಡರನನ್ನು ತನ್ನತ್ತ ಎಳೆದುಕೊಂಡು ಮಧ್ಯದಲ್ಲಿ ಜಾಗ ಮಾಡಿಕೊಡುವ ಕೆಲಸವನ್ನು ಅವರಲ್ಲಿ ಯಾರೂ ಮಾಡುವುದಿಲ್ಲ. ಎದುರಾಳಿಗಳು ಹಿಂದಿನಿಂದ ಚೆಂಡನ್ನು ಹೊರತರುವಾಗ ಯಾವ ಕಡೆಯ ದಾರಿಯನ್ನು ಮುಚ್ಚಿ ಯಾವುದನ್ನು ತೆರೆದಿಡಬೇಕೆಂದು ಕೂಗಿ ಹೇಳುವವರೂ ಇವರೊಬ್ಬರೇ. ಮಾರ್ಚ್‌ನಲ್ಲಿ ಇವರಿಲ್ಲದೆ ಆಡಿದ ಪಂದ್ಯಗಳಲ್ಲಿ ನಾವು ಚೆಂಡಿನ ಹಿಂದೆ ಓಡಿದ್ದೇ ಓಡಿದ್ದು. ಪೆನಾಲ್ಟಿ ಕಾರ್ನರ್‌ನಲ್ಲಿ ಹಿಂಗೆರೆಯಿಂದ ಚೆಂಡನ್ನು ತಳ್ಳಿಕೊಡುವುದರಲ್ಲಿಯೂ ಅವರ ಕೈ ಇಂದಿಗೂ ನಮ್ಮೆಲ್ಲರಿಗಿಂತ ನಿಖರ.

ಈ ಕೊನೆಯ ಮಾತನ್ನು ಹಿಡಿದು ಸಮಿತಿಯ ಒಬ್ಬರು, ಪೆನಾಲ್ಟಿ ಕಾರ್ನರ್ ಸಿಕ್ಕಾಗ ಮಾತ್ರ ಅವರನ್ನು ಒಳಗೆ ಕಳಿಸಿದರಾಯಿತು ಎಂದರು. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಕಾರ್ನರ್ ಘೋಷಣೆಯಾದ ಕ್ಷಣದಿಂದ ಅದು ಮುಗಿಯುವವರೆಗೆ ಆಟಗಾರರನ್ನು ಬದಲಾಯಿಸುವಂತಿಲ್ಲ. ಅಂದರೆ ಆ ಹೊತ್ತಿಗೆ ಅವರು ಅಂಕಣದಲ್ಲಿ ಆಡುತ್ತಿರಲೇಬೇಕು, ಅಂಕಣದಲ್ಲಿದ್ದರೆ ಓಡಲೇಬೇಕು. ಅರ್ಧ ಗುಣವಾದ ಮಂಡಿಯನ್ನು ಬಚ್ಚಿಟ್ಟುಕೊಂಡು ಆಡುವ ಮೂಲೆ ಹಾಕಿಯಲ್ಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವಯಸ್ಸಿನ ಮಾತು ಬಂದಾಗ ಯಾರಾದರೊಬ್ಬರು ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ತೆಗೆದೇ ತೆಗೆಯುತ್ತಾರೆ, ಮೊನ್ನೆಯೂ ತೆಗೆದರು. 80 ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಕ್ಕೆ ಬಂದವರು ಅವರು. ಆದರೆ ರಂಗದಲ್ಲಿ ಎದುರು ವೇಷಧಾರಿ ಹಿರಿಯರ ಕುಣಿತಕ್ಕೆ ಜಾಗ ಬಿಟ್ಟು ನಿಲ್ಲುತ್ತಾನೆ, ಭಾಗವತರು ತಾಳವನ್ನು ಹೊಂದಿಸಿಕೊಡುತ್ತಾರೆ. ಎದುರು ತಂಡದ 20 ವರ್ಷದ ಡಿಫೆಂಡರ್ ಯಾರಿಗೂ ಜಾಗ ಬಿಡುವುದಿಲ್ಲ. ಹತ್ತಿರದ ಉದಾಹರಣೆ ಬೇಕಿದ್ದರೆ ನಾವು ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ನೋಡಬೇಕು. 2018ರ ಅಕ್ಟೋಬರ್‌ನಲ್ಲಿ ಮಂಡಿಗೆ ಪೆಟ್ಟಾಗಿ ಅವರು ಭುವನೇಶ್ವರದ ವಿಶ್ವಕಪ್ ಕಳೆದುಕೊಂಡರು. ಅದೇ ವರ್ಷ ನೆದರ್ಲೆಂಡ್ಸ್‌ನ ಬ್ರೆಡಾದಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯಲ್ಲಿ ಮಂಡಿಗೆ ಗಾಯವಾಗಿದ್ದ ರಮಣ್‌ದೀಪ್ ಸಿಂಗ್ ಅವರಿಗೂ ಆ ವಿಶ್ವಕಪ್ ತಪ್ಪಿತು. ಇಬ್ಬರೂ ಫಾರ್ವರ್ಡ್ ಆಟಗಾರರು, ಇಬ್ಬರೂ 2019ರಲ್ಲಿ ಭಾರತ ತಂಡಕ್ಕೆ ಮರಳಿದರು. ಆ ವರ್ಷದ ನವೆಂಬರ್‌ನಲ್ಲಿ ರಷ್ಯಾ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯಗಳಲ್ಲಿ ಸುನಿಲ್ ಆಡಿದರು. ಆದರೆ ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲಿ ಇಬ್ಬರೂ ಇರಲಿಲ್ಲ. 264 ಪಂದ್ಯ, 72 ಗೋಲುಗಳ ಬಳಿಕ 2021ರ ಅಕ್ಟೋಬರ್ 1ರಂದು ಸುನಿಲ್ ನಿವೃತ್ತರಾದರು. ಮಂಡಿಯ ಗಾಯದಿಂದ ಮರಳಿ ಬರಲು ಸಾಧ್ಯ, ಬಂದ ಮೇಲೆ ಉಳಿಯುವ ಕಾಲ ಚಿಕ್ಕದಿರಬಹುದು ಎಂದು ನಾನು ಇದರಿಂದ ತಿಳಿಯುತ್ತೇನೆ. ಅವರಿಗೆ ರಾಷ್ಟ್ರೀಯ ಶಿಬಿರದ ನೆರವಿತ್ತು. ನಮ್ಮವರು ಬಂದರಿನ ಪಾಳಿ ಮುಗಿಸಿ ಮನೆಯ ಜಗುಲಿಯಲ್ಲಿ ವ್ಯಾಯಾಮ ಮಾಡುವವರು. ಹೀಗಾಗಿ ಒಪ್ಪಂದ ಒಂದು ಋತುವಿಗೆ ಮಾತ್ರ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ನನ್ನನ್ನು ನಿಜವಾಗಿ ಕಾಡುವ ಆಕ್ಷೇಪಣೆ ಅಂಕೋಲೆಯ ಹುಡುಗನೊಬ್ಬನ ಕುರಿತದ್ದು. ಅವನಿಗೆ 19 ವರ್ಷ. ಮಳೆಗಾಲದಲ್ಲಿ ಮೈದಾನ ಕೆಸರಾಗಿರುವಾಗಲೂ ಬಸ್ಸು ಹಿಡಿದು ಬಂದು, ಶಾಲೆಯೊಂದರ ಸಿಮೆಂಟಿನ ಪಡಸಾಲೆಯಲ್ಲಿ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡಿದವನು. ನಮ್ಮ ಹಣ 18 ಒಪ್ಪಂದಗಳಿಗೆ ಸಾಕಾಗುತ್ತದೆ. ಹಿರಿಯರಿಗೆ ಸಹಿ ಹಾಕಿಸಿದರೆ ಅವನು 19ನೆಯವನಾಗುತ್ತಾನೆ. ಒಂದು ವರ್ಷ ಹೊರಗೆ ನಿಂತ ಹುಡುಗ ಮರುವರ್ಷ ಹಾಕಿಗೇ ಬರುವನೆಂದು ಹೇಳಲಾಗದು, ಏಕೆಂದರೆ ಈ ಕರಾವಳಿಯಲ್ಲಿ ಅವನನ್ನು ಕರೆದುಕೊಳ್ಳಲು ಕಬಡ್ಡಿ, ವಾಲಿಬಾಲ್ ತಂಡಗಳು ಊರಿಗೊಂದಿವೆ. ಹಿರಿಯರ ಮಂಡಿ ಉಳಿಸಲು ಹೋಗಿ ಈ ಹುಡುಗನನ್ನು ಕಳೆದುಕೊಂಡರೆ ಅದು ಇನ್ನೊಂದು ತಪ್ಪಾಗುತ್ತದೆ.

ಆದ್ದರಿಂದ ನಾನು ಹೇಳುವ ಒಪ್ಪಂದ ಹೀಗಿದೆ. ಹಿರಿಯರ ಹೆಸರು ಈಗಲೇ ನೋಂದಣಿಯಾಗಲಿ, ಆದರೆ ಸಂಭಾವನೆ ಅರ್ಧ. ಉಳಿದ ಅರ್ಧದಲ್ಲಿ ಅಂಕೋಲೆಯ ಹುಡುಗನಿಗೂ ಸಹಿಯಾಗಲಿ. ನವೆಂಬರ್, ಡಿಸೆಂಬರ್ ಪಂದ್ಯಗಳ 18ರ ಪಟ್ಟಿಯಲ್ಲಿ ಹುಡುಗನೇ ಇರಲಿ. ಹಿರಿಯರು ಬೆಂಚಿನ ಪಕ್ಕದಲ್ಲಿ ನಿಂತು ಅವನಿಗೆ ಎಡಗೆರೆಯ ಆಟವನ್ನು ಹೇಳಿಕೊಡಲಿ. ಜನವರಿಯಲ್ಲಿ ಎರಡೂ ಕಾಲುಗಳ ಬಲವನ್ನು, ಒಂಟಿಕಾಲಿನ ಜಿಗಿತವನ್ನು ಅಳೆಯಿಸಿ, ಎಡಗಾಲು ಬಲಗಾಲಿನ ಶೇ 90ರಷ್ಟಾದರೂ ಬಂದಿದ್ದರೆ ಆಗ ಅಂಕಣಕ್ಕೆ. ಬಂದಿರದಿದ್ದರೆ ಫೆಬ್ರುವರಿ, ಆಗಲೂ ಬಂದಿರದಿದ್ದರೆ ಈ ಋತುವಿನಲ್ಲಿ ಅವರು ಆಡುವುದಿಲ್ಲ. ಈ ಅಳತೆಯನ್ನು ಗೋವಾದಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸುವ ಖರ್ಚು ತಂಡದ್ದು. ಅರ್ಧ ಸಂಭಾವನೆ ಎಂಬುದು ಅವರ ಮನಸ್ಸಿಗೆ ನೋವಾಗಬಹುದೆಂದು ಬಲ್ಲೆ, ಅದರ ಬಗ್ಗೆ ನನಗೂ ಸಂಕಟವಿದೆ. ಆದರೂ ಬೇರೆ ಹಣ ನಮ್ಮಲ್ಲಿಲ್ಲ.

ಸಮಿತಿ ಮತ್ತೆ ಸೇರುವುದು ಬರುವ ಭಾನುವಾರ. ಅದಕ್ಕೆ ಮೊದಲು, ಶುಕ್ರವಾರ ಸಂಜೆ ಅವರ ಪಾಳಿ ಮುಗಿಯುವ ಹೊತ್ತಿಗೆ ನಾನು ಬೈತಖೋಲಕ್ಕೆ ಹೋಗುತ್ತೇನೆ. ನನ್ನ ಮತ ಯಾವ ಕಡೆಗೆ, ಎಂಥ ಷರತ್ತುಗಳೊಂದಿಗೆ ಎಂಬುದನ್ನು ಅವರು ನನ್ನ ಬಾಯಿಂದಲೇ ಕೇಳಬೇಕು. ಮರಳಿನ ಮೇಲಿನ ಓಟವನ್ನು ನಿಲ್ಲಿಸಿ ಎಂದೂ ಆಗಲೇ ಹೇಳಿ ಬರುತ್ತೇನೆ.