ಎರಡು ರೂಪಾಯಿಯ ಜೋಡಿ ಇಸವಿ

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಇಂದು ಬೆಳಿಗ್ಗೆ ಬಂಗಡೆ ಕೊಂಡಾಗ ಚಿಲ್ಲರೆಯಾಗಿ ಬಂದ ಎರಡು ರೂಪಾಯಿ ನಾಣ್ಯದಲ್ಲಿ ಇಸವಿಯ ಅಂಕಿಗಳು ಜೋಡಿಯಾಗಿ ಕಂಡವು. ಮನೆಗೆ ಬಂದವನೇ ಮೀನಿನ ಚೀಲವನ್ನು ಹೆಂಡತಿಯ ಕೈಗಿತ್ತು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಕುಳಿತೆ.

ಹೀಗೆ ಜೋಡಿ ಕಂಡರೆ ಮೊದಲು ನೆನಪಾಗುವುದು ಡಬಲ್ಡ್ ಡೈ, ಅಂದರೆ ಇಮ್ಮಡಿಯಾದ ಅಚ್ಚು. ಅದು ನಾಣ್ಯದ ದೋಷ ಎನ್ನುವುದಕ್ಕಿಂತ ಅಚ್ಚಿನ ದೋಷ. ಟಂಕಸಾಲೆಯಲ್ಲಿ ಅಚ್ಚನ್ನು ತಯಾರಿಸುವಾಗ ಉಬ್ಬುಚಿತ್ರವಿರುವ ಹಬ್ ಎಂಬ ಉಕ್ಕಿನ ಸಾಧನವನ್ನು ಅದರ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತುವ ಹಳೆಯ ಕ್ರಮದಲ್ಲಿ, ಎರಡನೆಯ ಒತ್ತು ಕೂದಲೆಳೆಯಷ್ಟು ಸರಿದರೂ ಆ ಇಮ್ಮಡಿ ರೂಪ ಅಚ್ಚಿನಲ್ಲೇ ಉಳಿದು, ಅದರಿಂದ ಮುದ್ರಿತವಾದ ಪ್ರತಿಯೊಂದು ನಾಣ್ಯಕ್ಕೂ ಒಂದೇ ರೀತಿಯಲ್ಲಿ ಇಳಿಯುತ್ತದೆ. ಅಮೆರಿಕದ 1955ರ ಲಿಂಕನ್ ಸೆಂಟ್ ಎಂಬ ನಾಣ್ಯ ಹೆಸರಾದದ್ದು ಹೀಗೆಯೇ. ಅದರ ಜೋಡಿ ಇಸವಿ ಬರಿಗಣ್ಣಿಗೇ ಕಾಣುತ್ತದೆ.

ನಿಜವಾದ ಜೋಡಿಯಲ್ಲಿ ಎರಡು ರೂಪಗಳೂ ದುಂಡಗೆ ಉಬ್ಬಿರುತ್ತವೆ, ಅಕ್ಷರಗಳ ಮೂಲೆಗಳಲ್ಲಿ ಸೀಳು ಕಾಣುತ್ತದೆ. ನನ್ನ ನಾಣ್ಯದಲ್ಲಿದ್ದದ್ದು ಮೆಟ್ಟಿಲಿನಂತೆ ಚಪ್ಪಟೆಯಾದ ಅಂಚು, ಅದೂ ಅಂಕಿಯ ಮೈಯನ್ನೇ ಕೊರೆದು ಮೂಡಿದ್ದು. ಮುದ್ರಿಸುವ ಕ್ಷಣದಲ್ಲಿ ಅಚ್ಚು ಅಲುಗಿದ್ದರಿಂದಾದ ಈ ಯಂತ್ರದ ಜೋಡಿಗೆ ಸಂಗ್ರಾಹಕರಲ್ಲಿ ಹೆಚ್ಚಿನ ಬೆಲೆಯಿಲ್ಲ. ಇಂಥದ್ದನ್ನೇ ಅಪರೂಪವೆಂದು ನಂಬಿಸಿ ಮಾರುವವರನ್ನು ನೆನೆದರೆ ಸಿಟ್ಟು ಬರುತ್ತದೆ; ಆದರೆ ಅರ್ಧ ಗಂಟೆ ನಾನೂ ಅದನ್ನೇ ನಂಬಲು ಹವಣಿಸಿದ್ದೆನಲ್ಲ!

ಇಸವಿಯ ಕೆಳಗಿದ್ದ ಹೈದರಾಬಾದ್ ಟಂಕಸಾಲೆಯ ಗುರುತಾದ ನಕ್ಷತ್ರವನ್ನು ಇನ್ನೊಮ್ಮೆ ನೋಡಿ, ನಾಣ್ಯವನ್ನು ನಾಳೆಯ ಮೀನಿನ ಚಿಲ್ಲರೆಗೆಂದು ಡಬ್ಬಿಗೆ ಹಾಕಿದೆ.