ಅವಸರ ಒಲ್ಲದ ಗೋಡೆ

ಪಕ್ಕದ ಮನೆಯವರು ಗೋಡೆಗೆ ಗಾಂಜಾ ಜಾತಿಯ ಗಿಡ ತುಂಬಿಸುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, 'ಪೊಲೀಸರು ಹಿಡಿಯುವುದಿಲ್ಲವೇ?' ಎಂದರು.

ಹಿಡಿಯುವುದಿಲ್ಲ. ಇದು ಅಮಲೇರಿಸುವ ತಳಿಯಲ್ಲ, ನಾರಿಗಾಗಿ ಬೆಳೆಯುವ ಸೆಣಬು (ಹೆಂಪ್), ನಮ್ಮ ಗೋಣಿಚೀಲದ ಸೆಣಬಲ್ಲ. ಯುರೋಪಿನಲ್ಲಿ ಇದನ್ನು ಅತಿ ಹೆಚ್ಚು ಬೆಳೆಯುವ ದೇಶ ಫ್ರಾನ್ಸ್. ನಾನಿರುವ ತ್ರುವಾ ಪಟ್ಟಣದ ಸುತ್ತ ಬೇಸಿಗೆಯಲ್ಲಿ ಹೊರಟರೆ ಆಳೆತ್ತರ ಮೀರಿ ನಿಂತ ಸೆಣಬಿನ ಹೊಲಗಳು ಕಾಣುತ್ತವೆ. ನಾರು ಬಿಡಿಸಿದ ಮೇಲೆ ಉಳಿಯುವ ಕಾಂಡದ ಬೆಂಡನ್ನು ಇಲ್ಲಿ ಕುದುರೆ ಲಾಯದಲ್ಲಿ ಹಾಸುತ್ತಾರೆ. ಅದೇ ಬೆಂಡನ್ನು ಸುಣ್ಣದೊಂದಿಗೆ ಕಲಸಿದರೆ ಗೋಡೆ.

ಪಕ್ಕದವರದು ಮರದ ಚೌಕಟ್ಟಿನ ಹಳೆಯ ಮನೆ. ಶನಿವಾರಗಳಂದು ನೆರೆಹೊರೆಯವರೆಲ್ಲ ಕೈಜೋಡಿಸುತ್ತಿದ್ದೆವು. ಕಲಸಿದ್ದು ಹದಕ್ಕೆ ಬಂತೇ ಎಂದು ನೋಡಲು ಒಂದು ಹಿಡಿ ತೆಗೆದು ಅದುಮಬೇಕು: ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಶಟರಿಂಗ್ ಹಲಗೆಗಳ ನಡುವೆ ಬಾಂಡಲಿಯಿಂದ ಸುರಿದು ನಾನು ಉತ್ಸಾಹದಿಂದ ದಮ್ಮಸ್ಸು ಮಾಡತೊಡಗಿದೆ. ಮೇಸ್ತ್ರಿ ಓಡಿ ಬಂದು ಕೈ ಹಿಡಿದರು. ಅಂಚಿನಲ್ಲಿ ಒತ್ತಿ, ನಡುವೆ ಸುಮ್ಮನೆ ಹರಡಿ. ಒಳಗಿನ ಗಾಳಿಯೇ ಚಳಿ ತಡೆಯುವುದು ಎಂದರು. ಅರ್ಧ ಗಂಟೆಯ ನನ್ನ ಶ್ರಮವನ್ನು ಕೆದಕಿ ಮತ್ತೆ ಹರಡಿದೆವು.

ಕೆಲವರು ಇದನ್ನು ಸೆಣಬಿನ ಕಾಂಕ್ರೀಟ್ ಎನ್ನುತ್ತಾರೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಇದು ಭಾರ ಹೊರುವುದಿಲ್ಲ. ಹೊರುವುದು ಮರದ ಕಂಬ. ಇದರ ಗುಣವೇ ಬೇರೆ: ತೇವವನ್ನು ಹೀರಿ, ಮತ್ತೆ ಹೊರಬಿಡುತ್ತದೆ. ಈ ವಿದ್ಯೆ ಚಿಗುರಿದ್ದೂ ಇದೇ ಜಿಲ್ಲೆಯ ನೋಜಾ-ಸುರ್-ಸೆನ್ ಊರಿನಲ್ಲಿ. ಮರದ ಚೌಕಟ್ಟಿನ ಹಳೆಯ ಮನೆಗಳಿಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಮರ ಕೊಳೆಯುತ್ತದೆ. ಅದಕ್ಕೇ 1986ರ ಸುಮಾರಿಗೆ ಶಾರ್ಲ್ ರಾಸೆಟ್ಟಿ ಎಂಬವರು ನೋಜಾದ ಅಂಥ ಮನೆಯೊಂದರ ದುರಸ್ತಿಗೆ ಸೆಣಬು ಮತ್ತು ಸುಣ್ಣ ಬಳಸಿದರು.

ಹುಲ್ಲಿನ ಮನೆ ಇದಕ್ಕಿಂತ ಹಳೆಯದು. ಮೊಂತಾರ್ಜಿಯಲ್ಲಿ 1920ರಲ್ಲಿ ಎಂಜಿನಿಯರ್ ಫೊಯೆತ್ ಅವರು ಮರದ ಚೌಕಟ್ಟಿಗೆ ಒಣಹುಲ್ಲಿನ ಪೆಂಡಿ ತುಂಬಿ ಕಟ್ಟಿಸಿದ ಮನೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹುಲ್ಲಿಗೆ ಬೆಂಕಿ ತಗುಲದೇ ಎಂದು ಎಲ್ಲರೂ ಕೇಳುತ್ತಾರೆ. ಬಿಗಿಯಾಗಿ ಅದುಮಿ ಗಾರೆ ಮೆತ್ತಿದ ಪೆಂಡಿಯೊಳಗೆ ಗಾಳಿಯಾಡದು. ಬೆಂಕಿ ಅಷ್ಟು ಸುಲಭಕ್ಕೆ ಹಿಡಿಯದು. ನಿಜವಾದ ಶತ್ರು ನೀರು.

ಗಿಡ ಬೆಳೆಯುವಾಗ ಹೀರಿದ ಇಂಗಾಲ ಗೋಡೆಯಲ್ಲೇ ಉಳಿಯುತ್ತದೆ. 2022ರಿಂದ ಫ್ರಾನ್ಸಿನ ಹೊಸ ಮನೆಗಳಿಗೆ ಸಾಮಗ್ರಿಯ ಇಂಗಾಲದ ಲೆಕ್ಕವೂ ಕಡ್ಡಾಯವಾದ್ದರಿಂದ ಇಂಥದ್ದಕ್ಕೆ ಬೆಲೆ ಬಂದಿದೆ. ಆದರೆ ಸುಣ್ಣ ಸುಡಲು ಬೆಂಕಿ ಬೇಕು, ಅಲ್ಲಿಯೂ ಇಂಗಾಲ ಹೊರಬೀಳುತ್ತದೆ. ಪೂರ್ತಿ ಮುಗ್ಧ ಗೋಡೆಯೇನಲ್ಲ.

ಅದಕ್ಕಿಂತ ದೊಡ್ಡ ತೊಡಕು ಕಾಯುವುದು. ಏಪ್ರಿಲಿನಲ್ಲಿ ತುಂಬಿದ ಗೋಡೆಗೆ ಗಿಲಾವು ಮಾಡಲು ಪಕ್ಕದವರು ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆದಿಟ್ಟು ಕಾದರು. ಪ್ರತಿ ವಾರ ಗೋಡೆಗೆ ಅಂಗೈ ಒತ್ತಿ ನೋಡಿ, ತಲೆಯಾಡಿಸಿ, ಹಿಂದಿರುಗುತ್ತಿದ್ದರು.

ಮೊನ್ನೆ ಕಾಫಿಗೆಂದು ನಮ್ಮ ಬಾಡಿಗೆ ಮನೆಗೆ ಬಂದವರು, ಬೀರುವಿನ ಹಿಂದೆ ಹಬ್ಬಿದ ಕಪ್ಪು ಬೂಷ್ಟನ್ನು ನೋಡಿದರು. ಎದ್ದು ಹೋಗಿ ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ಕುಟ್ಟಿದರು. 'ಸಿಮೆಂಟ್' ಎಂದಷ್ಟೇ ಹೇಳಿ ಮತ್ತೆ ಕಾಫಿ ಕೈಗೆತ್ತಿಕೊಂಡರು.